24 ದಾರ, ಒಂದು ಸೀಳು

ಹಾರ್ಟ್ ಸರ್ಜರಿಯ ಎಂಜಿನಿಯರಿಂಗ್ ಅಂದ್ರೆ ನಮ್ಮ ತಲೆಗೆ ತಕ್ಷಣ ಬರೋದು ಹಾರ್ಟ್-ಲಂಗ್ ಮಷೀನು, ರೋಬೋಟು, ಕೃತಕ ಕವಾಟ. ಅವನ್ನೆಲ್ಲ ಪಕ್ಕಕ್ಕಿಟ್ಟು ಈ ಸಲ ನಾವು ಹೊಲಿಗೆಯ ದಾರದ ಬಗ್ಗೆ ಬರೆಯುತ್ತಿದ್ದೇವೆ. ದಾರ ಸಿಕ್ಕು ಬೀಳದಂತೆ ನೋಡಿಕೊಳ್ಳೋದು ಒಂದು ಡಿಸೈನ್ ಸಮಸ್ಯೆನಾ ಅಂತ ನಗಬೇಡಿ. ಹೃದಯವನ್ನು ನಿಲ್ಲಿಸಿ ಕೆಲಸ ಮಾಡುವಾಗ ಒಂದು ಸಿಕ್ಕು ಬಿಡಿಸಲು ಹೋಗುವ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ.

ಮೊದಲು ಹೊಲಿಗೆ ಹೇಗೆ ನಡೆಯುತ್ತೆ ನೋಡೋಣ. ಹೃದಯದ ಎಡಭಾಗದ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವಿನ ಬಾಗಿಲು ಮೈಟ್ರಲ್ ಕವಾಟ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದವರಲ್ಲಿ ಈ ಬಾಗಿಲು ದಪ್ಪಗಾಗಿ, ಅಂಟಿಕೊಂಡು ಕೆಡುವುದುಂಟು. ನಮ್ಮ ದೇಶದಲ್ಲಿ ಹರೆಯದವರಿಗೂ ಕವಾಟ ಬದಲಿಸಬೇಕಾಗುವುದಕ್ಕೆ ಇದೊಂದು ಮುಖ್ಯ ಕಾರಣ. 1960ರಲ್ಲಿ ಸರ್ಜನ್ ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಅಮೆರಿಕದಲ್ಲಿ ಅಳವಡಿಸಿದ ಕವಾಟವಿರಲಿ, 1990ರಿಂದ ಬಳಕೆಗೆ ಬಂದ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಚಿತ್ರಾ ಕವಾಟವಿರಲಿ, ಸುತ್ತಲೂ ಒಂದು ಬಟ್ಟೆಯ ಅಂಚು ಇರುತ್ತೆ. ಆ ಅಂಚನ್ನು ಹೃದಯದ ಒಳಗಿನ ಉಂಗುರಕ್ಕೆ, ಅಂದರೆ ಆನ್ಯುಲಸ್‌ಗೆ ಹೊಲಿಯಬೇಕು.

ಸಾಮಾನ್ಯವಾಗಿ 12ರಿಂದ 16 ಹೊಲಿಗೆ. ಒಂದೊಂದು ದಾರಕ್ಕೂ ಎರಡು ತುದಿ, ಎರಡು ತುದಿಗೂ ಸೂಜಿ. 12 ಅಂತ ಹಿಡಿದರೂ 24 ಎಳೆ ಆಯ್ತು. ಎಲ್ಲಾ ಹೊಲಿಗೆಗಳನ್ನೂ ಮೊದಲು ಆನ್ಯುಲಸ್‌ಗೆ ಹಾಕಿ, ಗಂಟು ಹಾಕದೆ ಹೊರಗೆ ಎಳೆದಿಟ್ಟುಕೊಳ್ಳುತ್ತಾರೆ. ಆಮೇಲೆ ಅದೇ ಕ್ರಮದಲ್ಲಿ ಕವಾಟದ ಬಟ್ಟೆಯಂಚಿಗೆ ಸೂಜಿ ತೂರಿಸುತ್ತಾರೆ. ಕೊನೆಗೆ ದಾರಗಳನ್ನು ಬಿಗಿ ಹಿಡಿದು, ಅವುಗಳ ಮೇಲೆ ಜಾರಿಸಿಕೊಂಡು ಕವಾಟವನ್ನು ಒಳಗಿಳಿಸಿ ಒಂದೊಂದೇ ಗಂಟು ಹಾಕುತ್ತಾರೆ. ಐದನೆಯ ಜೋಡಿ ಆರನೆಯದರ ಮೇಲೆ ಹಾದುಹೋದರೆ ಕವಾಟ ಸರಿಯಾಗಿ ಕೂರುವುದಿಲ್ಲ. ಬಟ್ಟೆ ಸುಕ್ಕಾಗಿ ಪಕ್ಕದಿಂದ ರಕ್ತ ಸೋರಬಹುದು. ಇನ್ನೂ ಕೆಟ್ಟದ್ದು, ಸಡಿಲವಾದ ಎಳೆಯೊಂದು ಕವಾಟದ ಕಾಲಿಗೆ ಸುತ್ತಿಕೊಂಡು ಅದು ತೆರೆಯೋದನ್ನೇ ತಡೆಯಬಹುದು.

ಎದೆಮೂಳೆ ಸೀಳಿ ಮಾಡುವ ಹಳೆಯ ವಿಧಾನದಲ್ಲಿ ಇದಕ್ಕೆ ಜಾಗ ಧಾರಾಳ. ಪ್ರತಿ ಜೋಡಿಗೂ ಒಂದು ಚಿಕ್ಕ ಕ್ಲಾಂಪ್ ಕಚ್ಚಿಸಿ ಗಾಯದ ಸುತ್ತ ಗಡಿಯಾರದ ಅಂಕಿಗಳ ಹಾಗೆ ಜೋಡಿಸಿಟ್ಟರಾಯ್ತು. ಆದರೆ ಕಡಿಮೆ ಗಾಯದ ವಿಧಾನದಲ್ಲಿ ಬಲಪಕ್ಕೆಯ ಎರಡು ಎಲುಬುಗಳ ನಡುವೆ ಸುಮಾರು 5 ಸೆಂಟಿಮೀಟರ್ ಸೀಳು. ರೋಗಿಗೆ ಇದರ ಲಾಭ ದೊಡ್ಡದು: ಮೂಳೆ ಕೂಡಬೇಕಿಲ್ಲ, ಬೇಗ ಎದ್ದು ಓಡಾಡಬಹುದು. ಸರ್ಜನ್‌ಗೆ ಮಾತ್ರ ಉದ್ದ ಕೈಯ ಉಪಕರಣಗಳು, ಕ್ಯಾಮೆರಾ, ರಿಟ್ರಾಕ್ಟರ್ ಎಲ್ಲದರ ಜೊತೆ ಈ 24 ಎಳೆಗಳನ್ನೂ ಇಕ್ಕಟ್ಟಲ್ಲೇ ಸಂಭಾಳಿಸುವ ಪಾಡು. ಹೃದಯ ನಿಂತಿರುವ ಹೊತ್ತು ಇಲ್ಲಿ ಮೊದಲೇ ಸ್ವಲ್ಪ ಹೆಚ್ಚು.

ಇದರ ಕಷ್ಟ ಹಾಸ್ಟೆಲ್ ರೂಮಲ್ಲೇ ಗೊತ್ತಾಗುತ್ತೆ. ಪೇಪರ್ ಕಪ್ಪಿನ ಬಾಯಿಯ ಸುತ್ತ 12 ದಾರ ಪೋಣಿಸಿ. ರಟ್ಟಿನಲ್ಲಿ 5 ಸೆಂಟಿಮೀಟರ್ ಸೀಳು ಕತ್ತರಿಸಿ, ಎಲ್ಲಾ ತುದಿಗಳನ್ನೂ ಅದರಿಂದ ಹೊರಗೆಳೆದು, ಕಪ್ಪನ್ನು ಒಂದು ಗೇಣು ಕೆಳಗಿಡಿ. ಈಗ ಸ್ನೇಹಿತರಿಗೆ ಏಳನೆಯ ದಾರ ಯಾವುದು ಅಂತ ಕೇಳಿ.

ಆಗಿದ್ದಿಷ್ಟೇ: ವೃತ್ತವೊಂದು ಚಪ್ಪಟೆಯಾಗಿ ಗೆರೆಯಂತಾಯ್ತು. ಆದರೂ ಸುತ್ತುವ ಕ್ರಮ ಉಳಿಸಿಕೊಳ್ಳಬಹುದು. ಸೀಳಿನ ಮೇಲಂಚಿಗೆ 1ರಿಂದ 6, ಕೆಳಂಚಿಗೆ ವಾಪಸ್ ಬರುತ್ತಾ 7ರಿಂದ 12 ಇಟ್ಟರೆ ಯಾವ ಎಳೆಯೂ ಇನ್ನೊಂದನ್ನು ದಾಟಬೇಕಿಲ್ಲ. ಹಾಗಾಗಿ ಉಪಕರಣದ ಮೂಲ ರೂಪ ಗಾಯದ ಸುತ್ತ ಕೂರುವ, ಕಚ್ಚುಗಳಿರುವ ಒಂದು ಚೌಕಟ್ಟು. ಮಗ್ಗದ ಹಣಿಗೆ ಮಾಡೋದೂ ಹೆಚ್ಚುಕಮ್ಮಿ ಇದನ್ನೇ, ಆದರೆ ನೇಕಾರರಿಗೆ ರಕ್ತದಲ್ಲಿ ಒದ್ದೆಯಾದ ಗ್ಲೌಸ್ ಇರಲ್ಲ. ತೆರೆದ ಶಸ್ತ್ರಚಿಕಿತ್ಸೆಗೆ ಗಬ್ಬೇ-ಫ್ರೇಟರ್ ಹೆಸರಿನ ಇಂಥ ಉಂಗುರ ಮೊದಲಿನಿಂದಲೂ ಇದೆ.

ಇಲ್ಲಿ ಒಂದು ಮೋಸ ಅಡಗಿದೆ. ಕ್ರಮ ಸರಿ ಇದ್ದರೆ ಸಾಲದು. ಚೌಕಟ್ಟು ಪೂರ್ತಿ ಒಂದು ಸುತ್ತು ತಿರುಗಿದರೆ ಅಂಕಿಗಳ ಕ್ರಮ ಹಾಗೇ ಇರುತ್ತೆ, ಕೆಳಗೆ ದಾರಗಳೆಲ್ಲ ಹಗ್ಗದ ಹಾಗೆ ಹೊಸೆದುಕೊಂಡಿರುತ್ತವೆ! ಕವಾಟದ ಹಿಡಿಕೆಯನ್ನು ಬೆನ್ನುಮೇಲಾಗಿ ಹಿಡಿದರೆ ಪ್ರದಕ್ಷಿಣೆ ಅಪ್ರದಕ್ಷಿಣೆಯಾಗುತ್ತೆ. ಅದಕ್ಕೇ ಚೌಕಟ್ಟನ್ನು ರಿಟ್ರಾಕ್ಟರ್‌ಗೆ ಅಲುಗಾಡದಂತೆ ಕೂರಿಸಬೇಕು, 1ನೇ ಕಚ್ಚು ಎಲ್ಲಿದೆ ಅಂತ ಕಣ್ಣಿಗೆ ಹೊಡೆಯುವಂತೆ ಗುರುತಿರಬೇಕು. ಪಕ್ಕಪಕ್ಕದ ಹೊಲಿಗೆಗೆ ಹಸಿರು, ಬಿಳಿ ದಾರ ಬಳಸುವ ರೂಢಿಯೂ ಇದಕ್ಕೇ. ಆದರೆ ಬಣ್ಣ ಎರಡೇ ಆದ್ದರಿಂದ 3 ಮತ್ತು 5 ಅದಲುಬದಲಾದರೆ ಅದು ಹೇಳಲ್ಲ.

ಕಚ್ಚಿನ ಹಿಡಿತ ಎಷ್ಟಿರಬೇಕು ಅನ್ನೋದು ನಮಗೆ ತುಂಬಾ ಹಿಡಿಸಿದ ಪ್ರಶ್ನೆ. ಸಡಿಲವಾದರೆ ದಾರ ಜಾರಿ ಒಳಗೆ ಕುಣಿಕೆಯಾಗುತ್ತೆ, ಮುಂದಿನ ಸೂಜಿ ಅದರೊಳಗೇ ಹಾಯುತ್ತೆ. ಬಿಗಿಯಾದರೆ ಹೆಣೆದ ಪಾಲಿಯೆಸ್ಟರ್ ಎಳೆ ಸವೆಯುತ್ತೆ. ಕವಾಟ ಇಳಿಸುವಾಗ ಒಂದೇ ಕೈಯಲ್ಲಿ ಬಿಡಿಸಿಕೊಳ್ಳಲೂ ಆಗಬೇಕು. ಒತ್ತಾದ ಸ್ಪ್ರಿಂಗ್ ಸುರುಳಿಗಳ ನಡುವೆ ದಾರ ಸಿಕ್ಕಿಸೋದು ಒಂದು ದಾರಿ. ಹಿಡಿತ ಚೆನ್ನಾಗಿರುತ್ತೆ, ಆದರೆ ಸುರುಳಿಯೊಳಗೆ ಒಣಗಿದ ರಕ್ತ ತೊಳೆಯೋದು ಕಷ್ಟ. ಸಿಲಿಕೋನ್ ಪಟ್ಟಿಯಲ್ಲಿ ಸೀಳು ಮಾಡೋದು ಇನ್ನೊಂದು. ಸ್ಟೀಲ್ ಚೌಕಟ್ಟು ಮತ್ತೆ ಮತ್ತೆ ಬಳಸುವಂಥದ್ದು, ಸಿಲಿಕೋನ್ ಪಟ್ಟಿ ಒಮ್ಮೆ ಬಳಸಿ ಎಸೆಯುವಂಥದ್ದು ಆದರೆ ನಮ್ಮ ಆಸ್ಪತ್ರೆಗಳಿಗೆ ಒಗ್ಗುತ್ತದೆ ಅನ್ನೋದು ನಮ್ಮ ಅಭಿಪ್ರಾಯ. ಎತ್ತರವನ್ನೂ ಮರೆಯಬಾರದು: ಚೌಕಟ್ಟು ದಪ್ಪಗಾದಷ್ಟೂ ಉದ್ದ ಉಪಕರಣಗಳು ಓರೆಯಾಗಿ ತಿರುಗುವ ಕೋನ ಕಡಿಮೆಯಾಗುತ್ತೆ.

ದಾರಗಳೇ ಬೇಡ ಅನ್ನುವ ದಾರಿಗಳೂ ಇವೆ. ಕೆಲವರು ಒಂದೇ ಉದ್ದ ದಾರದಲ್ಲಿ ಸುತ್ತ ಹೊಲಿಯುತ್ತಾರೆ. ಗಂಟಿನ ಬದಲು ಟೈಟೇನಿಯಂ ಕ್ಲಿಪ್ ಒತ್ತುವ ಸಾಧನಗಳೂ ಬಂದಿವೆ. ಕ್ಲಿಪ್ ಗಂಟಿನ ಹೊತ್ತು ಉಳಿಸುತ್ತೆ, ಅಷ್ಟೇ. ಕ್ರಮ ತಪ್ಪಿದ ದಾರಕ್ಕೆ ಕ್ಲಿಪ್ ಒತ್ತಿದರೆ ತಪ್ಪು ಇನ್ನೂ ಬೇಗ ಆಗುತ್ತೆ.

ಪ್ರಾಜೆಕ್ಟ್‌ಗೆ ಇದನ್ನು ತಗೋಬೇಕು ಅಂತಿರುವ ಜೂನಿಯರ್‌ಗಳಿಗೆ ಒಂದು ಮಾತು. ಲ್ಯಾಬಿನ 3ಡಿ ಪ್ರಿಂಟರ್‌ನಲ್ಲಿ ಪಿಎಲ್‌ಎ ಮಾದರಿ ಮಾಡಿ, ಕಪ್ಪು-ರಟ್ಟಿನ ಮೇಲೆ ಪರೀಕ್ಷಿಸಿ. ಆದರೆ ಪಿಎಲ್‌ಎ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತೆ, ಆಟೋಕ್ಲೇವ್ ನಡೆಯೋದು 121 ಅಥವಾ 134 ಡಿಗ್ರಿಯಲ್ಲಿ. ಸರ್ಜನ್ ಜೊತೆ ಮಾತಾಡುವ ಮೊದಲು ಸ್ಕ್ರಬ್ ನರ್ಸ್ ಜೊತೆ ಮಾತಾಡಿ. ದಾರ ಕೈಗೆ ಕೊಡುವವರು, ಕೊನೆಯಲ್ಲಿ ಅಷ್ಟೂ ಸೂಜಿ ಎಣಿಸಿ ಲೆಕ್ಕ ಒಪ್ಪಿಸುವವರು ಅವರೇ. ಸೂಜಿ ಚುಚ್ಚಿಡಲು ನಿಮ್ಮ ಚೌಕಟ್ಟಿನಲ್ಲಿ ಜಾಗ ಎಲ್ಲಿ ಅಂತ ಅವರು ಮೊದಲು ಕೇಳುತ್ತಾರೆ.