ಹೊಗೆ ಹೋದರೂ ಮತ್ತು ಹೋಗದು

ನೆಗಡಿ ಕಟ್ಟಿದರೆ ನಮ್ಮ ಆನೇಕಲ್ ಕಡೆ ಈಗಲೂ ಮೊದಲು ನಡೆಯುವುದು ಮನೆಮದ್ದೇ. ಕುದಿಯುವ ನೀರಿಗೆ ಒಂದು ಹಿಡಿ ನೀಲಗಿರಿ ಸೊಪ್ಪು, ತಲೆ ಮೇಲೆ ಕಂಬಳಿ, ಹತ್ತು ನಿಮಿಷ ಆವಿ. ಅದೇ ಸೊಪ್ಪನ್ನು ಒಲೆಗೆ ಹಾಕಿ ಹೊಗೆ ಎಳಿ ಅಂತ ಯಾವ ಅಜ್ಜಿಯೂ ಹೇಳಿದ್ದಿಲ್ಲ. ನೀಲಗಿರಿಯ ಘಮಕ್ಕೆ ಕಾರಣವಾದ ಸಿನಿಯೋಲ್ ಕುದಿಯುವುದು 176 ಡಿಗ್ರಿಯಲ್ಲಿ. ಆದರೂ ನೂರು ಡಿಗ್ರಿ ದಾಟದ ನೀರಿನ ಹಬೆಯ ಜೊತೆಗೇ ಅದು ಎದ್ದು ಬರುತ್ತದೆ. ಎಲೆಯೊಳಗಿನ ಎಣ್ಣೆಯನ್ನು ಹೊರಗೆಳೆಯಲು ಕಾವು ಸಾಕು, ಬೆಂಕಿ ಬೇಡ.

ಡ್ರೈ ಹರ್ಬ್ ವೇಪರೈಸರ್ ಎಂಬ ಯಂತ್ರದ ಗುಟ್ಟೂ ಇಷ್ಟೇ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿಯ ಬಾಡಿಗೆ ಕೋಣೆಗಳಲ್ಲಿ ಗಾಂಜಾ ಸೇದುವವರಿದ್ದಾರೆ ಎಂಬುದೇನೂ ಗುಟ್ಟಲ್ಲ. ಪತ್ರಿಕೆಯ ಸ್ಥಳೀಯ ಪುಟದಲ್ಲಿ ಗಾಂಜಾ ವಶದ ಸುದ್ದಿ ಹಳೆಯದಾಗುವುದೇ ಇಲ್ಲ. ಅಂಥವರ ಈಗಿನ ಪ್ರಶ್ನೆ: ಸುಡೋದು ಬಿಟ್ಟು ವೇಪರೈಸರ್ ಹಿಡಿದರೆ ಎದೆಗೆ ಒಳ್ಳೇದಲ್ವಾ? ಉಪದೇಶ ಮಾಡಿ ಕಳಿಸುವುದು ಸುಲಭ. ಆದರೆ ಪ್ರಶ್ನೆ ವಿಜ್ಞಾನದ್ದು, ಉತ್ತರವೂ ಹಾಗೇ ಇರಲಿ.

ಗಾಂಜಾ ಸುತ್ತಿದ ಸಿಗರೇಟಿನ ತುದಿಯ ಕೆಂಡ, ದಮ್ಮು ಎಳೆಯುವಾಗ, 600ರಿಂದ 900 ಡಿಗ್ರಿವರೆಗೆ ಕಾಯುತ್ತದೆ. ಆ ಕಾವಿನಲ್ಲಿ ಎಲೆ ಒಡೆದು ಟಾರು, ಕಾರ್ಬನ್ ಮಾನಾಕ್ಸೈಡ್, ಬೆಂಜೀನ್, ಕ್ಯಾನ್ಸರ್‌ಕಾರಕ ಬೆಂಜೊಪೈರೀನ್ ಎಲ್ಲ ಹುಟ್ಟುತ್ತವೆ. ಇವು ಮತ್ತಿನ ಅಂಶವಲ್ಲ, ಬೆಂಕಿಯ ಕೊಡುಗೆ. ವೇಪರೈಸರ್ ಸೊಪ್ಪನ್ನು ಸುಮಾರು 180ರಿಂದ 210 ಡಿಗ್ರಿಗೆ ಕಾಯಿಸಿ ನಿಲ್ಲಿಸುತ್ತದೆ. ಮತ್ತೇರಿಸುವ ಟಿಎಚ್‌ಸಿ ಆವಿಯಾಗಿ ಹೊರಡುತ್ತದೆ, ಎಲೆ ಉರಿಯುವುದಿಲ್ಲ. ಕೊನೆಗೆ ತಳದಲ್ಲಿ ಸಿಗುವುದು ಬೂದಿಯಲ್ಲ, ಹುರಿದ ಧನಿಯದ ಬಣ್ಣದ ಪುಡಿ.

ಜರ್ಮನಿಯಲ್ಲಿ ತಯಾರಾದ ವೋಲ್ಕೇನೊ ಎಂಬ ಇಂಥ ಯಂತ್ರವನ್ನು ಕ್ಯಾಲಿಫೋರ್ನಿಯಾದ ವೈದ್ಯ ಡೊನಾಲ್ಡ್ ಅಬ್ರಾಮ್ಸ್ ತಂಡ 18 ಜನರ ಮೇಲೆ ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿತು. ರಕ್ತದಲ್ಲಿ ಟಿಎಚ್‌ಸಿ ಹೆಚ್ಚುಕಡಿಮೆ ಸೇದಿದಷ್ಟೇ ಇತ್ತು. ಉಸಿರಿನಲ್ಲಿ ಮಾತ್ರ ಕಾರ್ಬನ್ ಮಾನಾಕ್ಸೈಡ್ ಏರಲಿಲ್ಲ ಎನ್ನುವಷ್ಟು ಕಡಿಮೆ. ಚಿಲುಮೆಯ ಬಾಯಿಗೆ ಒದ್ದೆ ಬಟ್ಟೆ ಸುತ್ತುವ ಸಾಧುಗಳಿಗೆ ಈ ಲಾಭ ಸಿಗುವುದಿಲ್ಲ. ಬಟ್ಟೆ ಹೊಗೆಯನ್ನು ತಣಿಸೀತು, ಅನಿಲವನ್ನು ತಡೆಯದು. ನಮ್ಮಲ್ಲಿ ಗಾಂಜಾ ಜೊತೆ ಸಿಗರೇಟಿನ ತಂಬಾಕು ಬೆರೆಸುವವರೇ ಬಹಳ. ಯಂತ್ರಕ್ಕೆ ಹೋದವರು ತಂಬಾಕನ್ನೂ ಬಿಟ್ಟರೆ, ನನ್ನ ಲೆಕ್ಕದಲ್ಲಿ, ಅದೇ ದೊಡ್ಡ ಗಳಿಕೆ.

ಇಲ್ಲಿಗೆ ಒಳ್ಳೆಯ ಸುದ್ದಿ ಮುಗಿಯಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ ಅಪರೂಪಕ್ಕೆ ಬಳಸುವ 17 ಜನರಿಗೆ ಒಂದೇ ಅಳತೆಯ ಟಿಎಚ್‌ಸಿಯನ್ನು ಎರಡೂ ದಾರಿಯಲ್ಲಿ ಕೊಟ್ಟು ನೋಡಿದರು. ವೇಪರೈಸರ್‌ನಲ್ಲಿ ಎಳೆದಾಗ ರಕ್ತದಲ್ಲಿ ಟಿಎಚ್‌ಸಿ ಹೆಚ್ಚು, ತಲೆಗೇರಿದ್ದು ಹೆಚ್ಚು, ಪರೀಕ್ಷೆಯಲ್ಲಿ ಮಾಡಿದ ತಪ್ಪುಗಳೂ ಹೆಚ್ಚು. ಸೇದುವಾಗ ಒಂದಷ್ಟು ಉರಿದು, ಒಂದಷ್ಟು ಗಾಳಿಗೆ ಹೋಗುತ್ತದೆ. ಇಲ್ಲಿ ಪೋಲು ಕಡಿಮೆ. ಗಂಟಲು ಉರಿಯದ್ದರಿಂದ ಸಾಕು ಎನ್ನಿಸುವುದೂ ತಡ. ಹಳೆ ಅಳತೆಯಲ್ಲೇ ಎಳೆದು ಚಂದಾಪುರದ ರಸ್ತೆಯಲ್ಲಿ ಬೈಕ್ ಹತ್ತಿದವನ ಗತಿ ಊಹಿಸಿ. ಚಟ, ನೆನಪಿನ ಮಂಪರು, ಹರೆಯದವರಿಗೆ ಮನೋವಿಕಲತೆಯ ಅಪಾಯ ಇವೆಲ್ಲ ಟಿಎಚ್‌ಸಿಯ ಕೆಲಸ. ಅದು ಹೊಗೆಯಲ್ಲಿ ಬಂತೋ ಆವಿಯಲ್ಲಿ ಬಂತೋ ಎಂದು ಮಿದುಳು ಕೇಳುವುದಿಲ್ಲ.

ಎಣ್ಣೆ ತುಂಬಿದ ವೇಪ್ ಕಾರ್ಟ್ರಿಡ್ಜ್ ಬೇರೆಯೇ ಸರಕು. 2019-20ರಲ್ಲಿ ಅಮೆರಿಕದಲ್ಲಿ ಬಹುಪಾಲು ಅದರಿಂದಲೇ ಶ್ವಾಸಕೋಶ ಕೆಟ್ಟು 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 68 ಮಂದಿ ಸತ್ತರು. ಎಣ್ಣೆಗೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಅಲ್ಲಿನ ಮುಖ್ಯ ಆರೋಪಿ. ಹೆಸರು ಒಂದೇ ಅಂತ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕಾನೂನಿನ ಮಾತು ಚಿಕ್ಕದು. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೊಗೆಗೂ ಆವಿಗೂ ಅಲ್ಲಿ ಭೇದವಿಲ್ಲ. ಇ-ಸಿಗರೇಟ್ ನಿಷೇಧಿಸಿದ 2019ರ ಕಾಯ್ದೆಯ ವ್ಯಾಖ್ಯೆ ಎಷ್ಟು ಅಗಲವೆಂದರೆ, ನಿಕೋಟಿನ್ ಇರಲಿ ಬಿಡಲಿ, ವಸ್ತುವನ್ನು ಕಾಯಿಸಿ ಸೇದಲು ಆವಿ ಕೊಡುವ ವಿದ್ಯುನ್ಮಾನ ಸಾಧನವೆಲ್ಲ ಅದರೊಳಗೆ ಬೀಳುತ್ತದೆ. ಮಾರಾಟ, ಆಮದು, ದಾಸ್ತಾನು ಎಲ್ಲವೂ ಅಪರಾಧ. ಆರೋಗ್ಯದ ಹೆಸರಿನಲ್ಲಿ ಯಂತ್ರ ತರಿಸಿಕೊಂಡವನಿಗೆ ಒಂದರ ಜಾಗದಲ್ಲಿ ಎರಡು ತಲೆನೋವು.

ಬಿಡಬೇಕು ಅನ್ನಿಸಿ ಬಿಡಲಾಗದವರಿಗೆ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಅಷ್ಟು ದೂರ ಹೋಗಲು ಅಳುಕಾದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.