ಪಾಠ ಮೊಬೈಲಿನಲ್ಲಿ, ಚರ್ಚೆ ತರಗತಿಯಲ್ಲಿ

ಡಿ. ಹಿರೇಹಾಳಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೋಗಿ ಡಿಗ್ರಿ ಓದುವವರಿಗೆ ಕಾಲೇಜಿನ ಒಂದೊಂದು ಗಂಟೆಯೂ ಅಮೂಲ್ಯ. ಅದು ಬರೀ ನೋಟ್ಸ್ ಬರೆಯುವುದರಲ್ಲೇ ಮುಗಿಯಬೇಕೆ?

ಪ್ರತಿ ಕೋರ್ಸಿನ ಶೇ. 40ರವರೆಗಿನ ಭಾಗವನ್ನು ಆನ್‌ಲೈನಿನಲ್ಲಿ ಕಲಿಸಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರ ಮಿಶ್ರ ಕಲಿಕೆಯ, ಅಂದರೆ ಆನ್‌ಲೈನ್ ಮತ್ತು ತರಗತಿ ಎರಡನ್ನೂ ಬೆರೆಸಿದ ಕಲಿಕೆಯ, ಕರಡಿನಲ್ಲಿ ಹೇಳಿತು.

ಆದರೆ ತರಗತಿಯಲ್ಲಿ ಕ್ಯಾಮೆರಾ ಇಟ್ಟರಷ್ಟೇ ಸಾಲದು. ಯಾವುದನ್ನು ಎಲ್ಲಿ ಕಲಿಯಬೇಕೆಂದು ಮೊದಲೇ ಹಂಚಿಕೊಳ್ಳಬೇಕು.

ಅರ್ಥಶಾಸ್ತ್ರದ ಬೇಡಿಕೆ ರೇಖೆಯನ್ನೇ ತಗೊಳ್ಳಿ. ವಿವರಣೆ ಹತ್ತು ನಿಮಿಷದ ಕನ್ನಡ ವಿಡಿಯೋದಲ್ಲಿರಲಿ. ನೆಟ್‌ವರ್ಕ್ ಇದ್ದಾಗ ಡೌನ್‌ಲೋಡ್ ಮಾಡಿಕೊಂಡು, ಬಸ್ಸಿನಲ್ಲೂ ನೋಡಬಹುದು.

ತರಗತಿಯಲ್ಲಿ? ಈರುಳ್ಳಿ ಕೆಜಿಗೆ 20 ರೂಪಾಯಿ ಇದ್ದರೆ ಎಷ್ಟು ಕೊಳ್ತೀರಿ, 60 ಆದರೆ ಎಷ್ಟು? ಸಹಪಾಠಿಗಳನ್ನು ಕೇಳಿ ವಿದ್ಯಾರ್ಥಿಗಳೇ ರೇಖೆ ಎಳೆಯಲಿ, ವಾದಿಸಲಿ. ಮೇಷ್ಟ್ರು ಜೊತೆಗಿದ್ದು ತಿದ್ದಲಿ.

ಅಧ್ಯಾಪಕರೇ, ಈ ವಾರ ಒಂದೇ ಒಂದು ಪಾಠವನ್ನು ಹೀಗೆ ಮಾಡಿ ನೋಡಿ.