ಹೆದ್ದಾರಿ, ಹೊಳೆ, ರೈಲು ಬಿಟ್ಟು ಕೂತ ಇಂಡಿ

ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ 52ನೇ ರಾಷ್ಟ್ರೀಯ ಹೆದ್ದಾರಿ ಧೂಳಖೇಡದ ಹತ್ತಿರ ಭೀಮಾ ನದಿ ದಾಟಿ ಕರ್ನಾಟಕಕ್ಕೆ ಕಾಲಿಡುತ್ತದೆ. ತುಸು ಮುಂದೆ ಬಂದರೆ ಝಳಕಿ. ಪಶ್ಚಿಮಕ್ಕೆ ಹೊರಳಿದರೆ ಚಡಚಣ, ಪೂರ್ವಕ್ಕೆ ಹೊರಳಿದರೆ ಇಂಡಿ. ಕ್ರಾಸಿನಲ್ಲಿ ಕೆಎ 28 ಎಂದು ಬರೆದ ಗಾಡಿ ಎಷ್ಟೋ ಎಂಎಚ್ 13 ಎಂದು ಬರೆದದ್ದೂ ಅಷ್ಟೇ. ಚಹಾದಂಗಡಿಯ ಬೆಂಚಿನ ಮೇಲೆ ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಸೋಯರಿಕೆ, ದನದ ವ್ಯಾಪಾರ, ದವಾಖಾನೆ ಎಲ್ಲಕ್ಕೂ ಸೊಲ್ಲಾಪುರ ಇಲ್ಲಿನವರಿಗೆ ಪರವೂರಲ್ಲ.

ಇಂಡಿ ತಾಲ್ಲೂಕು ಕೇಂದ್ರ. ಉಪವಿಭಾಗದ ಕಚೇರಿಯೂ ಇಲ್ಲೇ. ಆದರೆ ನಕಾಶೆ ಹರವಿ ನೋಡಿದವರಿಗೆ ಒಂದು ವಿಚಿತ್ರ ಕಾಣುತ್ತದೆ. 52ನೇ ಹೆದ್ದಾರಿ ಇಂಡಿಗೆ ಬರುವುದಿಲ್ಲ, ಝಳಕಿ ಮೇಲೆ ಹಾದುಹೋಗುತ್ತದೆ. ಸೊಲ್ಲಾಪುರ–ಗದಗ ರೈಲು ಮಾರ್ಗವೂ ಊರೊಳಗೆ ಬರುವುದಿಲ್ಲ. ಸ್ಟೇಶನ್ನಿನ ಹೆಸರು ‘ಇಂಡಿ ರೋಡ್’. ಅಲ್ಲಿ ಇಳಿದವರು ಮತ್ತೆ ಗಾಡಿ ಹಿಡಿದೇ ಊರು ಸೇರಬೇಕು. ಭೀಮಾ ಹೊಳೆಯೋ ತಾಲ್ಲೂಕಿನ ಉತ್ತರದ ಅಂಚು ಸವರಿಕೊಂಡು ಹೋಗುತ್ತದೆ. ಊರು ಬೆಳೆಯಲು ಬೇಕೆನ್ನುವ ಈ ಮೂರೂ ಇಂಡಿಯಿಂದ ದೂರವೇ ಉಳಿದಿವೆ. ಆದರೂ ಊರು ನಿಂತಿದೆ, ಬೆಳೆದಿದೆ. ಅದಕ್ಕೆ ಕಾರಣ ಕಚೇರಿ ಮತ್ತು ಲಿಂಬೆ ಎಂದರೆ ಹೆಚ್ಚಲ್ಲ.

ಈ ಸೀಮೆಯ ನೆಲವನ್ನು ರೈತರು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: ಎರಿ ಮತ್ತು ಮಡ್ಡಿ. ಹೊಳೆಸಾಲಿನದು ಆಳವಾದ ಎರಿ. ಮುಂಗಾರಿನಲ್ಲಿ ಕಾಲಿಟ್ಟರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಹಿಂಗಾರಿಯ ಬಿಳಿಜೋಳ ಈ ಮಣ್ಣಿನ ಪಸೆಯನ್ನೇ ಕುಡಿದು, ಚಳಿಯನ್ನೇ ಉಂಡು ತೆನೆ ಹಿಡಿಯುತ್ತದೆ. ನೀರು ಸಿಕ್ಕಲ್ಲಿ ಈಗ ಕಬ್ಬು. ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಹೊಳೆ ಬಿಟ್ಟು ಈಚೆ ಬಂದಂತೆ ನೆಲ ಏರುತ್ತದೆ, ಮಣ್ಣು ತೆಳುವಾಗುತ್ತದೆ, ಗರಸು ಕಲ್ಲು ಮೇಲೆ ಬರುತ್ತದೆ. ಇದು ಮಡ್ಡಿ. ಜೋಳಕ್ಕೆ ಒಗ್ಗದ ಈ ನೆಲ ಲಿಂಬೆಗೆ ಒಗ್ಗಿತು.

ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ಸಿಕ್ಕಿತು. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಬೆಂಗಳೂರಿನಲ್ಲಿಲ್ಲ, ಇಂಡಿಯಲ್ಲಿದೆ. ಬೆಳಿಗ್ಗೆ ಸವಾಲ್ ನಡೆಯುವ ಹೊತ್ತಿಗೆ ಮಾರುಕಟ್ಟೆಯಲ್ಲಿ ನಿಲ್ಲಬೇಕು. ಅಡತಿ ಅಂಗಡಿಯ ಮುಂದೆ ಚೀಲ ಸುರಿದ ಕೂಡಲೇ ಹಣ್ಣು ಉರುಳಿ ಕಾಲಡಿಗೆ ಬರುತ್ತವೆ. ಕೆಲವು ಹಸಿರು, ಕೆಲವು ಹಳದಿ, ಕೆಲವಕ್ಕೆ ಒಂದು ಮಗ್ಗಲಷ್ಟೇ ಬಣ್ಣ. ಸಿಪ್ಪೆ ಎಷ್ಟು ತೆಳುವೆಂದರೆ ಉಗುರು ತಾಕಿದರೆ ಸಾಕು, ಘಾಟು ಮೂಗಿಗೆ ಏರುತ್ತದೆ. ಹೆಣ್ಣುಮಕ್ಕಳು ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು ದಪ್ಪದ್ದು, ನಡುವಿನದು, ಗೋಲಿಯಂಥದ್ದು ಎಂದು ಆರಿಸುತ್ತಾರೆ. ಕೈ ಆಡುತ್ತಲೇ ಇರುತ್ತದೆ, ಕಣ್ಣು ಮಾತ್ರ ಸವಾಲ್ ಕೂಗುವವನ ಮೇಲೆ.

“ಏನ್ರಿ ಕಾಕಾ, ಇವತ್ತ ರೇಟ ಹೆಂಗೈತ್ರಿ?”

“ಮಳಿಗಾಲದಾಗ ಕೇಳಬ್ಯಾಡಪಾ. ಬ್ಯಾಸಗ್ಯಾಗ ಬಾ, ಹೇಳ್ತೀನಿ.”

ಆ ಉತ್ತರದಲ್ಲಿ ಲಿಂಬೆ ಬೆಳೆಗಾರರ ಸಂಕಟ ಪೂರ್ತಿ ಇದೆ. ಮಳೆಗಾಲದಲ್ಲಿ ಗಿಡ ತುಂಬ ಕಾಯಿ, ದರವಿಲ್ಲ. ಬೇಸಿಗೆಯಲ್ಲಿ ದರ ಇದೆ, ಗಿಡಕ್ಕೆ ನೀರಿಲ್ಲ. ಬರ ಬಿದ್ದ ವರ್ಷಗಳಲ್ಲಿ ಇಲ್ಲಿನ ರೈತರು ದುಡ್ಡು ಕೊಟ್ಟು ಟ್ಯಾಂಕರ್ ನೀರು ತರಿಸಿ ಗಿಡ ಉಳಿಸಿಕೊಂಡಿದ್ದಾರೆ. ಜೋಳ ಒಣಗಿದರೆ ಒಂದು ವರ್ಷದ ನಷ್ಟ. ಲಿಂಬೆ ಗಿಡ ಒಣಗಿದರೆ ಮತ್ತೆ ಫಲಕ್ಕೆ ಬರಲು ವರ್ಷಗಟ್ಟಲೆ ಕಾಯಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಯ ಇಂಡಿ ಶಾಖಾ ಕಾಲುವೆ ಈ ಊರಿನ ಹೆಸರನ್ನೇ ಹೊತ್ತಿದೆ. ಆದರೆ ಕಾಲುವೆಯ ಬಾಲದಲ್ಲಿ ಹೊಲ ಇದ್ದವರಿಗೆ ನೀರಿನ ದಾರಿ ಕಾಯುವುದು ರೂಢಿಯಾಗಿದೆ. ಹೀಗಾಗಿ ಹೊಲಹೊಲದಲ್ಲೂ ಕೊಳವೆಬಾವಿ. 2024ರ ಏಪ್ರಿಲ್‌ನಲ್ಲಿ ಲಚ್ಯಾಣದಲ್ಲಿ ಅಂಥದೊಂದಕ್ಕೆ ಪುಟ್ಟ ಮಗು ಬಿದ್ದಾಗ, ಸುಮಾರು ಇಪ್ಪತ್ತು ತಾಸು ತಾಲ್ಲೂಕೆಲ್ಲ ಉಸಿರು ಬಿಗಿಹಿಡಿದಿತ್ತು. ಮಗು ಜೀವಂತ ಹೊರಬಂತು. ಆ ಕಥೆ ಸುಖವಾಗಿ ಮುಗಿಯಿತು, ನೀರಿನ ಕಥೆ ಮುಗಿದಿಲ್ಲ.

ಭೀಮೆಯದು ಇನ್ನೊಂದು ಬಗೆ. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಅಣೆಕಟ್ಟಿದೆ. ಅಲ್ಲಿ ಬಿಟ್ಟರೆ ಇಲ್ಲಿ ನೀರು, ಅಲ್ಲಿ ಹಿಡಿದರೆ ಇಲ್ಲಿ ಉಸುಕು. 2020ರ ಅಕ್ಟೋಬರ್‌ನಲ್ಲಿ ಬಿಟ್ಟ ನೀರಿಗೆ ಮಳೆಯೂ ಕೂಡಿಕೊಂಡು ಹೊಳೆ ಊರೂರಿಗೆ ನುಗ್ಗಿತ್ತು.

ಇಷ್ಟು ಒಣ ಸೀಮೆ ಎಂದು ಯಾರೂ ಇದನ್ನು ಬರಡೆಂದು ತಿಳಿಯಬಾರದು. ಇಂಡಿಗೆ ಸಮೀಪದ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನ ಸಿಕ್ಕಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಮನೆಗಳಿದ್ದವು; ದೀಪದ ಎಣ್ಣೆಯ ಖರ್ಚಿಗೆಂದೇ 12 ನಿವರ್ತನ ಭೂಮಿ ಬಿಟ್ಟಿದ್ದರು. ಊರಲ್ಲಿ ಮದುವೆ ನಡೆದರೆ ಶಾಲೆಗೆ ಇಷ್ಟು ಎಂದು ಕಾಣಿಕೆಯೂ ಗೊತ್ತಾಗಿತ್ತು. ಓದುವ ಮಕ್ಕಳ ರಾತ್ರಿಯ ದೀಪದ ಬಗ್ಗೆ ಚಿಂತಿಸಿದ ಊರು ನಮ್ಮದು ಎಂದು ಇಲ್ಲಿನವರು ಎದೆ ತಟ್ಟಿ ಹೇಳಬಹುದು. ದಾರ್ಶನಿಕ ಗುರುದೇವ ರಾನಡೆಯವರು ನೆಲೆನಿಂತ ನಿಂಬಾಳ ಇದೇ ರೈಲು ಹಾದಿಯಲ್ಲಿದೆ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಗರತಿಯರ ಬಾಯಿಂದ ಹಾಡು ಬರೆದುಕೊಂಡ ಹಲಸಂಗಿ, ಝಳಕಿಗೆ ಸಮೀಪದಲ್ಲಿದೆ. ಇಷ್ಟು ಕಡಿಮೆ ಮಳೆ ಬೀಳುವ ನೆಲದಲ್ಲಿ ಇಷ್ಟು ಹಾಡು ಬೆಳೆದದ್ದು ನನಗೆ ಇಂದಿಗೂ ಬೆರಗು.

ಇನ್ನು ಜನ. 2011ರ ಜನಗಣತಿಯಲ್ಲಿ ಇಂಡಿ ಪಟ್ಟಣದ ಜನಸಂಖ್ಯೆ 38 ಸಾವಿರದ ಆಸುಪಾಸು. ಆದರೆ ಮುಂಜಾನೆ ಹತ್ತರ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ನಿಂತವರಿಗೆ ಆ ಅಂಕಿ ನಂಬಿಕೆಗೆ ಬರುವುದಿಲ್ಲ. ಪಹಣಿ ಕೈಯಲ್ಲಿ ಹಿಡಿದ ರೈತರು, ಕಾಲೇಜಿನ ಹುಡುಗಿಯರು, ಕೋರ್ಟಿನ ತಾರೀಕಿಗೆ ಬಂದವರು, ಬೀಜ–ಗೊಬ್ಬರಕ್ಕೆ ಬಂದವರು, ಮಗುವನ್ನು ಹೆಗಲಿಗೆ ಹಾಕಿಕೊಂಡು ದವಾಖಾನೆಗೆ ಬಂದವರು. 2018ರಲ್ಲಿ ಚಡಚಣ ಬೇರೆ ತಾಲ್ಲೂಕಾದ ಮೇಲೂ ಈ ನೂಕುನುಗ್ಗಲು ಇಳಿದಿಲ್ಲ. ಊರಿನ ರಸ್ತೆ, ನೀರು, ಶೌಚಾಲಯ ಎಲ್ಲವೂ ಹಗಲಿನ ಈ ಇಂಡಿಯನ್ನು ಹೊರಬೇಕು. ಅನುದಾನ ಮಾತ್ರ ರಾತ್ರಿ ಮಲಗುವವರ ಲೆಕ್ಕದ ಮೇಲೆ ಬರುತ್ತದೆ.

ಲೆಕ್ಕಕ್ಕೆ ಸಿಗದ ಇನ್ನೊಂದು ಇಂಡಿಯೂ ಇದೆ. ದಸರಾ, ದೀಪಾವಳಿ ಕಳೆಯುತ್ತಲೇ ಹಳ್ಳಿಗಳ ಎಷ್ಟೋ ಮನೆಗಳಿಗೆ ಕೀಲಿ ಬೀಳುತ್ತದೆ. ಕಬ್ಬು ಕಡಿಯಲು, ಪುಣೆ–ಮುಂಬಯಿಯ ಕಟ್ಟಡ ಕೆಲಸಕ್ಕೆ, ಗೋವಾದ ಕೂಲಿಗೆ ದುಡಿಯುವ ಕೈಗಳೆಲ್ಲ ಗುಳೆ ಹೋಗುತ್ತವೆ. ಮನೆಯಲ್ಲಿ ಮುದುಕರು, ಓದುವ ಮಕ್ಕಳು ಉಳಿಯುತ್ತಾರೆ. ಜನಗಣತಿ ನಡೆಯುವುದು ಫೆಬ್ರುವರಿಯಲ್ಲಿ, ಅಂದರೆ ಗುಳೆ ಹೋದವರು ಇನ್ನೂ ತಿರುಗಿ ಬಾರದ ಕಾಲದಲ್ಲಿ. ಎಣಿಕೆಯ ದಿನಗಳುದ್ದಕ್ಕೂ ಮನೆಯಲ್ಲಿಲ್ಲದವರನ್ನು ಅವರು ಇದ್ದ ಕಡೆಯೇ ಬರೆದುಕೊಳ್ಳುವುದು ನಿಯಮ. ಕಬ್ಬಿನ ಗದ್ದೆಯ ಬದಿಯ ಜೋಪಡಿಯಲ್ಲಿ ಇದ್ದವರನ್ನು ಯಾರಾದರೂ ಹುಡುಕಿಕೊಂಡು ಹೋಗದಿದ್ದರೆ ಅವರು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ಮುಂದಿನ ಜನಗಣತಿಯ ಲೆಕ್ಕ 2027ರ ಮಾರ್ಚ್ 1ಕ್ಕೆ ನಿಗದಿಯಾಗಿದೆ. 2011ರ ಹಳೆಯ ಅಂಕಿ ಇಟ್ಟುಕೊಂಡು ಬದುಕುತ್ತಿರುವ ಊರಿಗೆ ಇದು ಸಣ್ಣ ಸಂಗತಿಯಲ್ಲ. ಗುಳೆ ಹೋಗುವ ಬಂಧುಗಳಲ್ಲಿ ನನ್ನದೊಂದು ವಿನಂತಿ: ಆ ಫೆಬ್ರುವರಿಯಲ್ಲಿ ನೀವು ಬಾರಾಮತಿಯ ಕಬ್ಬಿನ ಹೊಲದಲ್ಲಿರಿ, ಪುಣೆಯ ಶೆಡ್ಡಿನಲ್ಲಿರಿ, ಗಣತಿದಾರರು ಬಂದರೆ ಹಿಂದೆ ಸರಿಯಬೇಡಿ, ಬಾರದಿದ್ದರೆ ಕೆಲಸಕ್ಕೆ ಕರೆದೊಯ್ದ ಮುಕಾದಮನಿಗೆ ಹೇಳಿ ಕರೆಸಿಕೊಳ್ಳಿ. ಹುಟ್ಟಿದ ಊರು ಯಾವುದೆಂದು ಕೇಳುತ್ತಾರೆ, ಮಾತೃಭಾಷೆ ಯಾವುದೆಂದು ಕೇಳುತ್ತಾರೆ. ಎರಡನ್ನೂ ಗಟ್ಟಿಯಾಗಿ ಹೇಳಿ ಬರೆಸಿ.